ಆರು ತಂತಿ, ಮೂರು ಸುತ್ತು

ಸೋಮವಾರ ಸಂಜೆ ಏಳು ಗಂಟೆಗೆ ಗಿಟಾರು ಗೊರ್ ಎಂದಿತು.

ಅವಳು ಬೆರಳು ತೆಗೆದಳು. ಮತ್ತೆ ಒತ್ತಿ ಮೀಟಿದಳು. ಮತ್ತೆ ಗೊರ್ — ಲೋಟದೊಳಗೆ ನೊಣ ಸಿಕ್ಕಿಕೊಂಡ ಹಾಗೆ. ಒಂದು ವಾರದಿಂದ ಅಲ್ಲೊಮ್ಮೆ ಇಲ್ಲೊಮ್ಮೆ ಕೇಳಿಸುತ್ತಿದ್ದ ಸದ್ದು ಈಗ ಕುತ್ತಿಗೆಯ ಮೇಲೆ ಪಟ್ಟಿಗಳ ನಡುವಿನ ಮೊದಲ ನಾಲ್ಕು ಮನೆಗಳಲ್ಲೂ ಠಿಕಾಣಿ ಹೂಡಿತ್ತು. ಕೊಂಡು ಇನ್ನೂ ಒಂದು ತಿಂಗಳಾಗಿರಲಿಲ್ಲ!

ಗಿಟಾರಿನ ಪೆಟ್ಟಿಗೆಯ ಪುಟ್ಟ ಖಾನೆಗೆ ಕೈಹಾಕಿದಳು. ಅಲ್ಲಿ ಮೊಣಕೈಯಂತೆ ಬಾಗಿದ ಸಣ್ಣ ಕಬ್ಬಿಣದ ಕೀಲಿಯೊಂದು ಇರಬೇಕಿತ್ತು. ಗಿಟಾರಿನ ಕುತ್ತಿಗೆಯೊಳಗೆ ಉದ್ದಕ್ಕೂ ಒಂದು ಸರಳು ಹುದುಗಿರುತ್ತದೆ. ಅದನ್ನು ಬಿಗಿ ಮಾಡುವುದಕ್ಕೂ ಸಡಿಲಿಸುವುದಕ್ಕೂ ಇರುವ ಕೀಲಿ ಅದು.

ಖಾನೆ ಖಾಲಿ.

ಹಿಂದಿನ ದಿನವಷ್ಟೇ ತಮ್ಮ ಬಂದಿದ್ದ. ಹಜಾರದಲ್ಲಿ ಅಮ್ಮನ ಎದುರು ಕೂತು ನಾಲ್ಕು ಸಲ ಮೀಟಿ ನೋಡಿ, "ಅಕ್ಕಾ, ಇದರ ಕುತ್ತಿಗೆ ಒಂಚೂರು ತಿರುಗಿಸಿದ್ರೆ ಸರಿಹೋಗುತ್ತೆ. ಕೀಲಿ ಎಲ್ಲಿದೆ?" ಎಂದಿದ್ದ. "ನೀನೇನೂ ಮುಟ್ಟಬೇಡಪ್ಪಾ" ಎಂದು ಹೇಳಿ ಅವಳು ಚಹಾ ಮಾಡಲು ಒಳಗೆ ಹೋಗಿದ್ದಳು. ಚಹಾ ಕುದಿಯಲು ಹತ್ತು ನಿಮಿಷ. ಕೆಡಿಸುವ ಕೈಗೆ ಅಷ್ಟು ಸಾಲದೇ?

ಫೋನು ಮಾಡಿದಳು.

"ನಾನು ಮುಟ್ಟಿಲ್ಲ ಅಕ್ಕಾ."

"ಹಾಗಾದ್ರೆ ಕೀಲಿ ಕಾಲು ಬಂದು ಎದ್ದು ಹೋಯ್ತಾ?"

"ನನ್ನಾಣೆ ಮುಟ್ಟಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅಪ್ಪನ ಪಿಟೀಲು ಹೊತ್ಕೊಂಡು ಹೋದೆ. ಅದು ಸಾಲದು ಅಂತ ನಂದೂ ಒಂದು ಹಾಳು ಮಾಡ್ಬೇಕಿತ್ತಾ?" ಎಂದುಬಿಟ್ಟಳು.

ಆ ಕಡೆಯಿಂದ ಫೋನು ಇಟ್ಟ ಸದ್ದಷ್ಟೇ ಬಂತು. ಆಮೇಲೆ ಎರಡು ಭಾನುವಾರ ಅವನು ಮನೆ ಕಡೆ ತಲೆ ಹಾಕಲಿಲ್ಲ. ಆ ಮನೆಗೆ ಬರುತ್ತಿದ್ದವನೇ ಅವನೊಬ್ಬ.

* * *

ಅವಳ ಕಸುಬು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಹದಿನೆಂಟು ವರ್ಷದಿಂದ ಅದೇ ಕಿಟಕಿ, ಅದೇ ಮೇಜು, ಅದೇ ಕೆಂಪು ಪೆನ್ನು. ಒಂದು ಅಲ್ಪವಿರಾಮ ಜಾಗ ತಪ್ಪಿದರೂ ಅವಳ ಕಣ್ಣು ಹಿಡಿಯುತ್ತಿತ್ತು. ಹಾಗಾಗಿ ಅಲ್ಲಿಯವರು ಅವಳಿಗಿಟ್ಟ ಹೆಸರು ಭೂತಗನ್ನಡಿ. ಹೆಸರಿನಲ್ಲಿ ಗೌರವವೂ ಇತ್ತು, ಊಟದ ಹೊತ್ತಿನಲ್ಲಿ ಅವಳ ಪಕ್ಕ ಯಾರೂ ಕೂರದಿರಲು ಕಾರಣವೂ ಇತ್ತು.

ಮನೆಯಲ್ಲಿ ಅವಳು ಮತ್ತು ಅಮ್ಮ, ಇಬ್ಬರೇ. ಅಪ್ಪ ಹೋಗಿ ಒಂದು ವರ್ಷವಾಗಿತ್ತು. ಅವರು ಇದ್ದಷ್ಟು ದಿನ ಪ್ರತಿ ಸಂಜೆ ಪಿಟೀಲು ನುಡಿಸುತ್ತಿದ್ದರು. ಮಗನಿಗೆ ಕಲಿಸಿದರು. ಮಗಳಿಗೆ ಕಲಿಸಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋದ ಮೇಲೆ ಪಿಟೀಲು ತಮ್ಮನ ಮನೆ ಸೇರಿತು, ಸಂಜೆಗಳು ಇವಳ ಪಾಲಿಗೆ ಉಳಿದವು. ಅಮ್ಮ ತನ್ನ ಕೋಣೆಯಲ್ಲಿ, ಇವಳು ತನ್ನ ಕೋಣೆಯಲ್ಲಿ. "ಊಟಕ್ಕೆ ಬಾ", "ದೀಪ ಆರಿಸು" — ದಿನಕ್ಕೆ ಇಷ್ಟೇ ಮಾತು.

ನಲವತ್ತೊಂದನೇ ವಯಸ್ಸಿನಲ್ಲಿ ಅವಳು ಗಿಟಾರು ಕೊಂಡದ್ದು ಆ ಮೌನ ತಾಳಲಾರದೆ. ಮನೆಯಲ್ಲಿ ಯಾರಿಗೂ ಬಾರದ ವಾದ್ಯವನ್ನೇ ಹುಡುಕಿ ತಂದಳು. ಮೊದಲ ದಿನ ಅಮ್ಮ ನೋಡಿ, "ಇದಕ್ಕೆ ಕಮಾನು ಇಲ್ವಾ?" ಎಂದು ಕೇಳಿದಳು. "ಇಲ್ಲ, ಬೆರಳಲ್ಲೇ." ಅಮ್ಮನ ಮುಖ ಸಪ್ಪಗಾಯಿತು. ಇಷ್ಟವಾಗಲಿಲ್ಲ ಅಂದುಕೊಂಡು ಇವಳು ಅಂದಿನಿಂದ ಕೋಣೆಯ ಬಾಗಿಲು ಮುಚ್ಚಿಯೇ ನುಡಿಸುತ್ತಿದ್ದಳು.

ಈಗ ಅದೂ ಗೊರ್ ಅನ್ನುತ್ತಿತ್ತು. ಮಾರಿದ ಅಂಗಡಿಯವನ ಹತ್ತಿರ ಒಯ್ದಳು. ಅವನು ಎರಡು ದಿನ ಇಟ್ಟುಕೊಂಡು, "ಏನೂ ಇಲ್ಲಮ್ಮಾ, ಗಂಟೆ ಹೊಡೆದಂಗೆ ನುಡೀತಿದೆ. ನಿಮ್ಮ ಬೆರಳೇ ಇನ್ನೂ ಪಳಗಿಲ್ಲ" ಎಂದು ವಾಪಸ್ಸು ಕೊಟ್ಟ. ಮನೆಗೆ ತಂದ ಮೂರನೇ ದಿನ ಅದೇ ಗೊರ್. ಅಂಗಡಿಯವನೂ ಸುಳ್ಳುಗಾರ ಎಂದು ಅವಳು ತೀರ್ಮಾನಿಸಿದಳು.

ಅಷ್ಟರಲ್ಲಿ ತಮ್ಮನ ಹೆಂಡತಿಯಿಂದ ಸುದ್ದಿ ಬಂತು. ಅವನಿಗೆ ದೂರದ ಊರಿಗೆ ವರ್ಗವಾಗಿದೆ. ಬರುವ ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಹೊರಡುತ್ತಾರೆ. ಹೇಳಿ ಹೋಗಲು ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

ಅವತ್ತು ಬುಧವಾರ. ಗುರುವಾರ ಬೆಳಿಗ್ಗೆ ಅವಳು ರಜೆ ಹಾಕಿ, ಗಿಟಾರಿನ ಪೆಟ್ಟಿಗೆ ಹೊತ್ತುಕೊಂಡು ಒಂಟಿಕಿವಿಯವರ ಅಂಗಡಿಗೆ ನಡೆದಳು.

* * *

ವಾದ್ಯ ರಿಪೇರಿಯವರಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಊರೆಲ್ಲ ಬೆನ್ನ ಹಿಂದೆ ಅವರನ್ನು ಒಂಟಿಕಿವಿ ಅಂತಲೇ ಕರೆಯುತ್ತಿತ್ತು. ಹೇಗಿದ್ದರೂ ಆ ಕಡೆಯ ಕಿವಿಗೆ ಬೀಳುವುದಿಲ್ಲವಲ್ಲ ಎಂಬ ಧೈರ್ಯ. ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ. ಗೋಡೆಗೆ ತೂಗುಹಾಕಿದ ತಂತಿವಾದ್ಯಗಳು, ಅಂಟಿನ ವಾಸನೆ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಮರದ ಚಕ್ಕೆಗಳ ರಾಶಿ. ಬಂದವರು ಕೂತು ಬಹಳ ಕಾಲವಾಗಿರಬೇಕು.

"ಇದನ್ನ ಯಾರೋ ಕೆಡಿಸಿದ್ದಾರೆ" ಎಂದಳು. "ಯಾರು ಅಂತ ನನಗೆ ಗೊತ್ತು."

"ಗೊತ್ತಿದ್ದ ಮೇಲೆ ನನ್ನ ಹತ್ರ ಯಾಕೆ ಬಂದ್ರಿ?"

"ಸಾಕ್ಷಿ ಬೇಕು."

ಅವರು ನಗಲಿಲ್ಲ. ಚಕ್ಕೆಗಳನ್ನು ನೆಲಕ್ಕೆ ತಳ್ಳಿ ಅವಳಿಗೆ ಕುರ್ಚಿ ಕೊಟ್ಟರು. ಪೆಟ್ಟಿಗೆ ತೆರೆದರು. ತಂತಿ ಮುಟ್ಟಿದರು. ಆರೂ ತಂತಿ ಒಣಗಲು ಹಾಕಿದ ಬಟ್ಟೆಯ ಹಗ್ಗದ ಹಾಗೆ ಜೋತುಬಿದ್ದಿದ್ದವು.

"ತರುವಾಗ ಸಡಿಲ ಮಾಡ್ಕೊಂಡು ಬಂದ್ರಾ?"

"ಇಲ್ಲ. ಅದು ದಿನಾ ಹಾಗೇ. ಸಂಜೆ ಕೈಗೆತ್ತಿಕೊಂಡಾಗೆಲ್ಲ ಇಳಿದಿರುತ್ತೆ. ಹೊಸ ತಂತಿ ಎಳೆದುಕೊಳ್ಳುತ್ತೆ, ಸ್ವಲ್ಪ ದಿನ ಹಾಗೇ ಅಂತ ಅಂಗಡಿಯವರು ಹೇಳಿದ್ರು."

"ಕೊಂಡು ಎಷ್ಟು ದಿನ ಆಯ್ತು?"

"ಆರು ವಾರ."

"ಹೂಂ."

ಅವರು ಒಂದೊಂದೇ ಬಿರಡೆ ತಿರುಗಿಸಿ ಶ್ರುತಿ ಕೂರಿಸತೊಡಗಿದರು. ತುಟಿಯಲ್ಲೇ ಏನೋ ಎಣಿಸುತ್ತಿದ್ದರು. "ದಿನಾ ನೀವು ಎಷ್ಟು ಸುತ್ತು ತಿರುಗಿಸ್ತೀರಿ?"

"ಮೂರು."

"ದಪ್ಪ ತಂತಿಗೆ?"

"ಮೂರು."

"ಸಣ್ಣದಕ್ಕೆ?"

"ಅದಕ್ಕೂ ಮೂರೇ. ಯಾಕೆ?"

ಅವರು ಗಿಟಾರನ್ನು ಎತ್ತಿ, ಅದರ ಮೈಗೆ ತಮ್ಮ ದವಡೆ ಒತ್ತಿ, ಕಣ್ಣು ಮುಚ್ಚಿ ಮೀಟಿದರು. ಕಿವಿ ಕೊಡದ್ದನ್ನು ಎಲುಬು ಕೊಡುತ್ತಿತ್ತು. ಗೊರ್. ಮೊದಲ ಮನೆ — ಗೊರ್. ಎರಡು, ಮೂರು, ನಾಲ್ಕು — ಗೊರ್. ಎಂಟನೆಯ ಮನೆಯಿಂದ ಮೇಲೆ ಸ್ವಚ್ಛ.

"ಒಂದು ಕಾಗದದ ಚೂರು ಇದೆಯಾ?"

ಅವಳ ಚೀಲದಲ್ಲಿ ಕಾಗದಕ್ಕೆ ಬರವೇ? ಕರಡಿನ ಅಂಚನ್ನು ಹರಿದುಕೊಟ್ಟಳು. ಅವರು ಕುತ್ತಿಗೆಯ ಮೇಲೆ ಅಡ್ಡಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳನ್ನು ತೋರಿಸಿದರು. "ಇವು ಫ್ರೆಟ್ಟುಗಳು. ತಂತಿಯನ್ನ ಮೊದಲನೇ ಫ್ರೆಟ್ಟಿಗೂ ಕುತ್ತಿಗೆ ಮೈ ಸೇರೋ ಕಡೆ ಇರೋ ಫ್ರೆಟ್ಟಿಗೂ ಒತ್ತಿ ಹಿಡೀತೀನಿ. ಈಗ ತಂತೀನೇ ನಮಗೆ ನೇರವಾದ ಅಳತೆಗೋಲು. ನಡುಮಧ್ಯೆ ಈ ಕಾಗದ ತೂರಿಸಿ ನೋಡಿ."

ಅವಳು ತೂರಿಸಿದಳು. ಹೋಗಲಿಲ್ಲ. ತಂತಿ ಫ್ರೆಟ್ಟುಗಳ ಮೇಲೆ ಮಲಗಿಬಿಟ್ಟಿತ್ತು.

"ಕುತ್ತಿಗೆ ಮುಂದಕ್ಕೆ ಕೂದಲೆಳೆಯಷ್ಟು ಬಾಗಿರ್ಬೇಕು. ಆಗ ತಂತಿಗೆ ಅಲುಗಾಡೋಕೆ ಜಾಗ ಇರುತ್ತೆ. ಇದು ಹಿಂದಕ್ಕೆ ಬಾಗಿದೆ. ಅದಕ್ಕೇ ತಂತಿ ಫ್ರೆಟ್ಟಿಗೆ ತಾಗಿ ಗೊರ್ ಅನ್ನುತ್ತೆ."

"ಅಂದ್ರೆ ಯಾರೋ ಒಳಗಿನ ಸರಳನ್ನ ಬಿಗಿ ಮಾಡಿದ್ದಾರೆ!"

"ಹಾಗೂ ಆಗಿರಬಹುದು." ಅವರು ಭೂತಗನ್ನಡಿ ತೆಗೆದು — ನಿಜವಾದ ಭೂತಗನ್ನಡಿ — ತಂತಿಗಳ ಕೆಳಗೆ ನೋಡಿದರು. ಬೆರಳ ತುದಿಯಿಂದ ಏನನ್ನೋ ತೆಗೆದು ಮೂಸಿದರು. "ಈ ಬಿಳಿ ಪುಡಿ ಏನು?"

"ಧೂಳು ಇರ್ಬೇಕು. ಒರೆಸ್ತಾನೇ ಇರ್ತೀನಿ, ಮತ್ತೆ ಬರುತ್ತೆ."

"ಮನೇಲಿ ಪಿಟೀಲು ಇದೆಯಾ?"

"ಇತ್ತು. ಅಪ್ಪ ನುಡಿಸ್ತಿದ್ರು. ಈಗ ಅದು ತಮ್ಮನ ಹತ್ರ ಇದೆ." ಅವಳ ದನಿ ಗಡುಸಾಯಿತು. "ನಾನು ಅನುಮಾನ ಪಟ್ಟಿರೋದೂ ಅವನ ಮೇಲೇ."

"ಅವರು ಕೊನೆಗೆ ಮನೆಗೆ ಬಂದದ್ದು ಯಾವಾಗ?"

"ಎರಡೂವರೆ ವಾರ ಆಯ್ತು."

"ನೀವು ಕೊನೆಗೆ ನುಡಿಸಿದ್ದು?"

"ನಿನ್ನೆ ಸಂಜೆ."

"ಹೂಂ" ಎಂದರು ಮತ್ತೆ. "ಗಿಟಾರು ಇಲ್ಲಿರಲಿ. ಶನಿವಾರ ಮಧ್ಯಾಹ್ನ ಬನ್ನಿ."

"ಏನು ಮಾಡ್ತೀರಿ?"

"ನೋಡೋಣ. ಏನೂ ಮಾಡದೆ ಇದ್ರೂ ಇರಬಹುದು."

ಬಾಗಿಲ ತನಕ ಬಂದು ಅವರು, "ಶನಿವಾರ ಖಂಡಿತ ಬನ್ನಿ. ಕುರ್ಚಿ ಖಾಲಿ ಇಟ್ಟಿರ್ತೀನಿ" ಎಂದರು. ಅಷ್ಟು ಹೇಳಿದ್ದಕ್ಕೇ ಅವರಿಗೆ ನಾಚಿಕೆಯಾದಂತಿತ್ತು.

* * *

ಗಿಟಾರಿಲ್ಲದ ಎರಡು ಸಂಜೆಗಳು ಹೇಗೆ ಕಳೆದವು ಎಂದು ಕೇಳಬಾರದು. ಅವಳು ಮನೆಗೆ ತಂದಿದ್ದ ಕರಡನ್ನೇ ಎರಡೆರಡು ಸಲ ತಿದ್ದಿದಳು. ಬಾಗಿಲು ಮುಚ್ಚಬೇಕಾದ ಕಾರಣವಿಲ್ಲದ್ದರಿಂದ ತೆರೆದೇ ಇಟ್ಟಿದ್ದಳು.

ಗುರುವಾರ ಎಂಟೂವರೆಗೆ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದಾಗ ಅಮ್ಮ ಅವಳ ಕೋಣೆಯಲ್ಲಿ ನಿಂತಿದ್ದಳು. ಗಿಟಾರು ಒರಗಿಸಿಡುತ್ತಿದ್ದ ಮೂಲೆಯನ್ನು ನೋಡುತ್ತಿದ್ದಳು.

"ಅದೆಲ್ಲಿ?"

"ರಿಪೇರಿಗೆ ಕೊಟ್ಟಿದ್ದೀನಿ."

"ಯಾವಾಗ ಬರುತ್ತೆ?"

"ಶನಿವಾರ."

ಅಮ್ಮ ತಲೆಯಾಡಿಸಿ ಹೊರಟುಹೋದಳು. ಕೈಯಲ್ಲಿ ಏನೋ ಬಟ್ಟೆ ಹಿಡಿದಿದ್ದಳು. ದೀಪದ ಬುಡ ಒರೆಸಲು ಬಂದಿರಬೇಕು ಎಂದು ಇವಳು ಅಂದುಕೊಂಡಳು. ಶುಕ್ರವಾರವೂ ಅಷ್ಟು ಹೊತ್ತಿಗೇ ಬಂದು, ಮೂಲೆ ನೋಡಿ ಹೋದಳು. ಹದಿನೆಂಟು ವರ್ಷ ಕಂಡವರ ತಪ್ಪು ಹಿಡಿದ ಕಣ್ಣಿಗೆ ಮನೆಯೊಳಗಿನದು ಕಾಣಲಿಲ್ಲ.

* * *

ಶನಿವಾರ ಕುರ್ಚಿ ನಿಜಕ್ಕೂ ಖಾಲಿಯಿತ್ತು. ಒರೆಸಿಯೂ ಇಟ್ಟಿದ್ದರು.

"ನುಡಿಸಿ ನೋಡಿ" ಎಂದರು ಒಂಟಿಕಿವಿ.

ನುಡಿಸಿದಳು. ಮೊದಲ ಮನೆ. ಎರಡು. ಮೂರು. ನಾಲ್ಕು. ಗೊರ್ ಇಲ್ಲ! ಒಂದೊಂದು ಸ್ವರವೂ ತುಂಬಿ ಬಂತು. ಅವಳ ಕಣ್ಣು ಒದ್ದೆಯಾಯಿತು.

"ಏನು ಮಾಡಿದ್ರಿ?"

"ಏನೂ ಮಾಡಲಿಲ್ಲ."

"ಅಂದ್ರೆ?"

"ಶ್ರುತಿ ಕೂರಿಸಿ ಸುಮ್ನೆ ಇಟ್ಟೆ. ಎರಡು ದಿನ. ತಾನಾಗೇ ಸರಿಹೋಯ್ತು. ನಿಮ್ಮ ಅಂಗಡಿಯವನ ಹತ್ರ ಎರಡು ದಿನ ಇದ್ದಾಗಲೂ ಇದೇ ಆಗಿರ್ಬೇಕು. ಅವನು ಸುಳ್ಳು ಹೇಳಿಲ್ಲ. ಈ ಗಿಟಾರಿಗೆ ಯಾವ ಕಾಯಿಲೇನೂ ಇಲ್ಲ. ನಿಮ್ಮ ಮನೇಲಿ ಮಾತ್ರ ಕೆಡುತ್ತೆ."

ಅವಳು ಕೂತಲ್ಲೇ ಗಟ್ಟಿಯಾದಳು. "ನನ್ನ ತಮ್ಮ—"

"ಮೊದಲು ಅದನ್ನ ಮುಗಿಸೋಣ." ಅವರು ಗಿಟಾರಿನ ಹೊಟ್ಟೆಯ ತೂತಿನೊಳಗೆ ದೀಪ ಹಿಡಿದರು. "ಸರಳಿನ ತಿರುಪು ಕಾಣ್ತಿದೆಯಾ? ಅದಕ್ಕೂ ಮರಕ್ಕೂ ಸೇರಿಸಿ ಒಂದು ಕೆಂಪು ಬಣ್ಣದ ಬೊಟ್ಟು ಇದೆ. ಮಾಡಿದವರು ಇಟ್ಟ ಗುರುತು. ತಿರುಪನ್ನ ಒಂದು ಗೆರೆಯಷ್ಟು ತಿರುಗಿಸಿದ್ರೂ ಆ ಬಣ್ಣ ಬಿರುಕು ಬಿಡ್ಬೇಕು. ಬಿಟ್ಟಿದೆಯಾ?"

ಅವಳು ನೋಡಿದಳು. ಬಣ್ಣ ಅಖಂಡವಾಗಿತ್ತು. ನೋಡುತ್ತಲೇ ಇದ್ದಳು.

"ನಿಮ್ಮ ತಮ್ಮ ಇದನ್ನ ಮುಟ್ಟಿಲ್ಲ. ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಕುತ್ತಿಗೆ ಬಾಗಿದ್ದು ಹೇಗೆ? ಕೀಲಿ ಹೋಗಿದ್ದೆಲ್ಲಿಗೆ?"

"ಕೀಲಿ ಎಲ್ಲಿದೆ ನನಗೆ ಗೊತ್ತಿಲ್ಲ. ಕುತ್ತಿಗೆ ವಿಷಯ ಹೇಳ್ತೀನಿ ಕೇಳಿ. ಒಳಗಿನ ಸರಳು ಕುತ್ತಿಗೆಯನ್ನ ಹಿಂದಕ್ಕೆ ಎಳೀತಿರುತ್ತೆ. ತಂತಿಗಳು ಮುಂದಕ್ಕೆ ಎಳೀತಿರ್ತವೆ. ಇಬ್ಬರೂ ಬಿಡದೆ ಎಳೀತಿದ್ರೇನೇ ಅದು ನೆಟ್ಟಗೆ ನಿಲ್ಲೋದು. ತಂತಿ ಕೈಬಿಟ್ರೆ? ಸರಳು ಒಂದೇ ಉಳಿಯುತ್ತೆ, ಮರ ಹಿಂದಕ್ಕೆ ಬಾಗುತ್ತೆ. ನೀವು ಸಂಜೆ ಒಂದಷ್ಟು ಹೊತ್ತು ಬಿಗಿ ಮಾಡಿ ನುಡಿಸ್ತಿದ್ರಿ. ಉಳಿದ ಹೊತ್ತೆಲ್ಲ ತಂತಿ ಸಡಿಲ. ಆರು ವಾರ ಹೀಗೆ ನಡೆದ್ರೆ ಬಾಗದೆ ಇರುತ್ತಾ?"

"ತಂತಿ ತಾನಾಗೇ ಇಳೀತಿತ್ತಲ್ಲ?"

"ಅಲ್ಲೇ ನೀವು ಮೋಸ ಹೋದದ್ದು. ಹೊಸ ತಂತಿ ಒಂದು ವಾರ ಎಳೆದುಕೊಳ್ಳುತ್ತೆ, ನಿಜ. ಆರು ವಾರ ಅಲ್ಲ. ತಾನಾಗಿ ಇಳಿಯೋ ತಂತಿ ಒಂದೊಂದೂ ಒಂದೊಂದು ಥರ ಇಳಿಯುತ್ತೆ. ದಪ್ಪದ್ದೂ ಸಣ್ಣದ್ದೂ ಆರಕ್ಕಾರೂ ಸರಿಯಾಗಿ ಮೂರೇ ಸುತ್ತು ಇಳಿದ್ರೆ?" ಅವರು ಬಿರಡೆಯ ಮೇಲೆ ಬೆರಳಿಟ್ಟರು. "ಅದು ಕೈ. ದಿನಾ ಒಂದೇ ಕೈ, ಎಣಿಸಿ ತಿರುಗಿಸೋ ಕೈ."

"ಯಾರು?"

"ಆ ಬಿಳಿ ಪುಡಿ ಧೂಳಲ್ಲ. ರಾಳ. ಪಿಟೀಲಿನ ಕಮಾನಿಗೆ ಹಚ್ಚೋದು. ಗಿಟಾರಿಗೆ ಅದರ ಗೊಡವೆಯೇ ಇಲ್ಲ. ಪಿಟೀಲು ನಿಮ್ಮ ತಮ್ಮನ ಹತ್ರ ಇದೆ ಅಂದಾಗ ನಾನೂ ಒಂದು ಗಳಿಗೆ ಅವರ ಕಡೆಗೇ ತಿರುಗಿದೆ. ಆದ್ರೆ ಅವರು ಬಂದು ಎರಡೂವರೆ ವಾರ ಆಗಿತ್ತು. ನೀವು ಬುಧವಾರ ಸಂಜೆ ನುಡಿಸಿದ್ರಿ. ಹಳೇ ಪುಡಿ ಆಗಿದ್ರೆ ನಿಮ್ಮ ಬೆರಳಿಗೆ ಒರೆಸಿ ಹೋಗಿರೋದು. ಬುಧವಾರ ನೀವು ನುಡಿಸಿ ಎದ್ದ ಮೇಲೆ, ಗುರುವಾರ ಇಲ್ಲಿಗೆ ತರೋದರೊಳಗೆ, ರಾಳ ಹತ್ತಿದ ಹಳೇ ಬಟ್ಟೇಲಿ ಯಾರೋ ಈ ತಂತಿಗಳನ್ನ ಒರೆಸಿದ್ದಾರೆ." ಅವರ ದನಿ ತಗ್ಗಿತು. "ಒಂದೇ ಪ್ರಶ್ನೆ ಉಳಿದಿದೆ. ಅಪ್ಪ ನುಡಿಸಿ ಎದ್ದ ಮೇಲೆ ಅವರ ಕಮಾನನ್ನ ಯಾರು ಸಡಿಲ ಮಾಡ್ತಿದ್ರು?"

"ಅಮ್ಮ" ಎಂದಳು.

ಕಣ್ಣ ಮುಂದೆ ಬಂದದ್ದು ಹಜಾರದ ಕುರ್ಚಿ. ಅಪ್ಪ ಕಮಾನನ್ನು ಕುರ್ಚಿಯ ಕೈಮೇಲೆ ಇಟ್ಟು ಏಳುತ್ತಿದ್ದರು. ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಅಮ್ಮ ಬರುತ್ತಿದ್ದಳು. ಕಮಾನಿನ ತುದಿಯ ತಿರುಪು — ಒಂದು, ಎರಡು, ಮೂರು. ಆಮೇಲೆ ಒರೆಸುವ ಬಟ್ಟೆ. ನಲವತ್ತು ವರ್ಷ, ಒಂದು ದಿನವೂ ತಪ್ಪದೆ.

"ಕಮಾನನ್ನ ಬಿಗಿಯಾಗೇ ಬಿಟ್ರೆ ಮರ ಕೆಡುತ್ತೆ" ಎಂದರು ಒಂಟಿಕಿವಿ. "ಅದು ಪಿಟೀಲಿನವರಿಗೆಲ್ಲ ಗೊತ್ತು. ಗಿಟಾರಿನಲ್ಲಿ ಅದು ತಿರುಗುಮುರುಗು ಅನ್ನೋದು ಅವರಿಗೆ ಹೇಗೆ ಗೊತ್ತಾಗ್ಬೇಕು? ಕೆಡಿಸಿದವರು ನಿಮ್ಮ ಅಮ್ಮ. ಕೆಡಬಾರದು ಅಂತ ಕೆಡಿಸಿದ್ದಾರೆ."

ಗೋಡೆಯ ಮೇಲಿನ ವಾದ್ಯಗಳೆಲ್ಲ ತನ್ನನ್ನೇ ನೋಡುತ್ತಿವೆ ಅನ್ನಿಸಿತು. ತಮ್ಮನಿಗೆ ಆಡಿದ ಮಾತು ಈಗ ತನ್ನ ಕಿವಿಗೇ ಮತ್ತೆ ಕೇಳಿಸಿತು.

"ಬೈಬೇಡಿ" ಎಂದರು ಅವರು, ಬೇರೆ ಕಡೆ ನೋಡುತ್ತ. "ನನ್ನವಳು ನನ್ನ ಉಳಿಗಳಿಗೆಲ್ಲ ಎಣ್ಣೆ ಹಚ್ಚಿಡ್ತಿದ್ಲು. ಮರಕ್ಕೆ ಎಣ್ಣೆ ತಾಗಿದ್ರೆ ಅಂಟು ಹಿಡಿಯಲ್ಲ ಅಂತ ನಾನು ದಿನಾ ರೇಗ್ತಿದ್ದೆ. ಈಗ ಉಳಿಗಳು ತುಕ್ಕು ಹಿಡೀತಿವೆ."

* * *

ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಗಿಟಾರು ಕಂಡು ಎದ್ದಳು.

"ಬಂತಾ?"

"ಬಂತಮ್ಮ." ಅವಳು ಅಮ್ಮನ ಎದುರು ಕೂತಳು. "ಅಮ್ಮ, ದಿನಾ ಇದರ ತಂತಿ ಸಡಿಲ ಮಾಡ್ತಿದ್ದೆಯಾ?"

"ನೀನು ಮರೆತುಬಿಡ್ತಿದ್ಯಲ್ಲ" ಎಂದಳು ಅಮ್ಮ, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ನಿಮ್ಮಪ್ಪನೂ ಹಾಗೇ. ನುಡಿಸೋದೊಂದೇ ಗೊತ್ತು. ಬಿಗಿಯಾಗಿ ಬಿಟ್ಟು ಎದ್ದು ಹೋಗೋದು."

"ಮತ್ತೆ ಕೀಲಿ?"

ಅಮ್ಮ ಒಳಗೆ ಹೋಗಿ ಒಂದು ಚಪ್ಪಟೆ ಡಬ್ಬಿ ತಂದಳು. ಅಪ್ಪನ ರಾಳದ ಡಬ್ಬಿ. ಒಳಗೆ ಅರ್ಧ ಸವೆದ ರಾಳದ ಗಟ್ಟಿ, ಮಡಚಿಟ್ಟ ಬಟ್ಟೆ, ಬಾಗಿದ ಕಬ್ಬಿಣದ ಕೀಲಿ. "ಅವನು ತಿರುಗಿಸ್ತೀನಿ ಅಂದ. ನೀನು ಬೇಡ ಅಂದೆ. ಅವನ ಕೈ ಸುಮ್ನಿರಲ್ಲ, ಗೊತ್ತಲ್ಲ. ನಿನ್ನ ವಸ್ತು ಕೆಡಬಾರದು ಅಂತ ಎತ್ತಿಟ್ಟೆ."

"ನನಗೆ ಹೇಳಬಾರದಿತ್ತಾ?"

"ನೀನು ಬಾಗಿಲು ಹಾಕ್ಕೊಂಡಿರ್ತೀಯಲ್ಲಮ್ಮ."

ಅವಳು ಅತ್ತಳು. ತುಂಬಾ ದಿನದ ಬಾಕಿ ಅಳು ಅದು. ಆಮೇಲೆ ಮುಖ ತೊಳೆದು ಫೋನು ಎತ್ತಿಕೊಂಡಳು.

"ಏನಕ್ಕಾ" ಎಂದಿತು ಆ ಕಡೆಯ ದನಿ, ದೂರದಿಂದ.

"ತಪ್ಪಾಯ್ತು ಕಣೋ. ನೀನು ಮುಟ್ಟಿರಲಿಲ್ಲ."

ಈ ಸಲ ಅವನು ಫೋನು ಇಡಲಿಲ್ಲ.

"ನಾಳೆ ಹೋಗೋ ಮುಂಚೆ ಬರ್ತೀಯಾ? ಪಿಟೀಲು ತಗೊಂಡು ಬಾ. ಅಮ್ಮನಿಗೋಸ್ಕರ."

* * *

ಭಾನುವಾರ ಒಂಬತ್ತಕ್ಕೆ ಬಂದ. ಇನ್ನೂ ಸ್ವಲ್ಪ ಮುಖ ಊದಿಸಿಕೊಂಡೇ ಇದ್ದ. ಚಹಾ ಕುಡಿದ ಮೇಲೆ ಊತ ಇಳಿಯಿತು. ಅಪ್ಪನ ಕುರ್ಚಿಯಲ್ಲಿ ಕೂತು ಇಪ್ಪತ್ತು ನಿಮಿಷ ನುಡಿಸಿದ. ನುಡಿಸಿ ಮುಗಿಸಿ, ತನಗೇ ಅರಿವಿಲ್ಲದೆ, ಕಮಾನನ್ನು ಕುರ್ಚಿಯ ಕೈಮೇಲೆ ಇಟ್ಟು ಎದ್ದ.

ಅಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ತಿರುಪು — ಒಂದು, ಎರಡು, ಮೂರು. ಬಟ್ಟೆಯಿಂದ ಮೆಲ್ಲಗೆ ಒರೆಸಿದಳು. "ಇವತ್ತಿಗೆ ಸಾಕು" ಎಂದಳು ಕಮಾನಿಗೆ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹತ್ತೂಕಾಲಿಗೆ ಅವನು ಪೆಟ್ಟಿಗೆ ಎತ್ತಿಕೊಂಡು, ಅಮ್ಮನ ಕಾಲು ಮುಟ್ಟಿ, ಅಕ್ಕನ ತಲೆಗೆ ಒಂದು ಮೊಟಕಿ ಹೊರಟುಹೋದ. ಮನೆ ಮತ್ತೆ ಮೊದಲಿನಷ್ಟೇ ದೊಡ್ಡದಾಯಿತು.

ಸಂಜೆ ಏಳಕ್ಕೆ ಅವಳು ಕೋಣೆಯ ಬಾಗಿಲು ತೆರೆದಿಟ್ಟು ನುಡಿಸಿದಳು. ಅಮ್ಮ ಹೊಸ್ತಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಬೆರಳು ಇನ್ನೂ ಪಳಗಿರಲಿಲ್ಲ. ಅಂಗಡಿಯವನು ಆ ಮಾತಿನಲ್ಲೂ ಸುಳ್ಳು ಹೇಳಿರಲಿಲ್ಲ.

ಎಂಟೂವರೆಗೆ ನಿಲ್ಲಿಸಿದಳು. ಅಮ್ಮ ಎದ್ದು ಬಂದಳು. ಕೈ ತಾನಾಗಿ ಬಿರಡೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು.

"ಸಡಿಲ ಬಿಡ್ಲಾ?"

"ಬೇಡಮ್ಮ. ಇದು ಬಿಗಿಯಾಗೇ ಇರ್ಬೇಕಂತೆ."

"ರಾತ್ರಿಯೆಲ್ಲ?"

"ಯಾವಾಗಲೂ."

ಅಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಕೈಗೆ ಈಗ ಎಲ್ಲಿ ಹೋಗುವುದೆಂದು ತಿಳಿಯಲಿಲ್ಲ. "ಪಾಪ" ಎಂದಳು ಗಿಟಾರನ್ನು ನೋಡಿ. "ಹಾಗಾದ್ರೆ ನನಗೇನೂ ಕೆಲಸ ಇಲ್ಲ."

ಅವಳು ಎದ್ದು ಕಪಾಟಿನಿಂದ ಒಂದು ಹೊಸ ಬಟ್ಟೆ ತೆಗೆದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಹಾಸಿಗೆಯ ಅಂಚಿಗೆ ಕೂತು ಒಂದೊಂದೇ ತಂತಿ ಒರೆಸತೊಡಗಿದಳು. ಆರು ತಂತಿ, ಒಂದೊಂದಕ್ಕೂ ಮೂರು ಸಲ. ಮುಗಿದ ಮೇಲೆ ಬಟ್ಟೆ ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ಎದ್ದು ಹೋಗಲಿಲ್ಲ. ಮಗಳೂ ಹೋಗೆಂದು ಹೇಳಲಿಲ್ಲ.